ಆಫೀಸಿನ ಮೇಲ್ ಓದುವ ಕೆಲಸ

ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾ ಶಿವಲಕ್ಷ್ಮಿ ಗಂಡನ ಪಕ್ಕ ಬಂದು ಕೂರುತ್ತಿದ್ದಳು. ಅಷ್ಟರಲ್ಲಿ ಹುಲಿಗೇಶ ಲ್ಯಾಪ್‌ಟಾಪ್ ತೆರೆದು ಅವಳ ಕಡೆ ತಿರುಗಿಸಿ ಇಟ್ಟಿರುತ್ತಿದ್ದ. ಅವಳು ಒಂದೊಂದೇ ಮೇಲ್ ಬಿಚ್ಚಿ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಮೊದಲು ತನ್ನೊಳಗೇ ಓದಿ, ಆಮೇಲೆ ಕನ್ನಡದಲ್ಲಿ ಹೇಳುವಳು. ಅವನು ತಲೆ ಒಂದು ಕಡೆ ವಾಲಿಸಿ ಕೇಳುವನು. ನಡುವೆ ಓಣಿಯಲ್ಲಿ ನೀರಿನ ಟ್ಯಾಂಕರ್ ಸದ್ದಾದರೆ ಕೊಡ ಹಿಡಿದು ಓಡಬೇಕು, ತುಂಬಿಕೊಂಡು ಬಂದು ಬಿಟ್ಟಲ್ಲಿಂದ ಓದಬೇಕು. ಒಂಬತ್ತು ಗಂಟೆಗೆ ಅವಳು ಅಂಗನವಾಡಿಯಲ್ಲಿರಬೇಕು. ಅಲ್ಲಿ ಮಕ್ಕಳ ತೂಕ, ಫೋಟೋ, ಹಾಜರಿ ಎಲ್ಲವನ್ನೂ ಫೋನಿಗೆ ಹಾಕುವ ಕೆಲಸ ಬೇರೆ ಕಾದಿರುತ್ತಿತ್ತು. ಹೀಗಾಗಿ ಅವಳ ಕಣ್ಣುಗಳು ಬೆಳಿಗ್ಗೆ ಗಂಡನ ಕಂಪನಿಗೆ, ಹಗಲು ಸರ್ಕಾರಕ್ಕೆ ದುಡಿದು ಸಂಜೆಯ ಹೊತ್ತಿಗೆ ಉರಿಯುತ್ತಿದ್ದವು.

ಹುಲಿಗೇಶ ಹೊಳಗುಂದದ ಕಡೆಯವನು. ಹೈಸ್ಕೂಲಿನಲ್ಲಿದ್ದಾಗ ಅವನ ದೃಷ್ಟಿ ಮಂಜಾಗುತ್ತಾ ಬಂದು, ಕಾಲೇಜು ಸೇರುವ ಮೊದಲೇ ಪೂರ್ತಿ ಹೋಯಿತು. ಅಂಧರ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿತ. ಅಲ್ಲಿನ ಮಾಸ್ತರರೊಬ್ಬರು ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದರು. ಅದನ್ನು ಯಾರೂ ಕೊಳ್ಳಬೇಕಿಲ್ಲ, ಬಲ್ಲವರು ಬೇಕಾದಂತೆ ತಿದ್ದಿಕೊಳ್ಳಬಹುದು. ಪರದೆಯ ಮೇಲೆ ಏನಿದ್ದರೂ ಅದು ಓದಿ ಹೇಳುತ್ತಿತ್ತು, ಇಂಗ್ಲಿಷಿರಲಿ, ತೆಲುಗಿರಲಿ, ಕನ್ನಡವಿರಲಿ. ಎಲ್ಲದಕ್ಕೂ ಒಂದೇ ಒಣ ದನಿ, ಮೂಗಿನಲ್ಲಿ ಮಾತಾಡಿದ ಹಾಗೆ. ಮದುವೆಯಾದ ಹೊಸದರಲ್ಲಿ ಆ ದನಿ ಕೇಳಿದರೆ ಶಿವಲಕ್ಷ್ಮಿಗೆ ತಲೆ ಸಿಡಿಯುತ್ತಿತ್ತು. ಮನೆಯಲ್ಲಿ ಮೂರನೆಯವರೊಬ್ಬರು ಕೂತು ದಿನವಿಡೀ ಬಡಬಡಿಸಿದಂತೆ ಅನ್ನಿಸುತ್ತಿತ್ತು. ವರ್ಷ ಕಳೆದಂತೆ ಕಿವಿಗೆ ರೂಢಿಯಾಯಿತು.

ತೆಲುಗು ಗಡಿಯ ಆದೋನಿಯಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಮಾಲೀಕರಾಗಿದ್ದ ಮರಿಬಸಪ್ಪನವರು ಹುಲಿಗೇಶನನ್ನು ಆಫೀಸಿಗೆ ಸೇರಿಸಿಕೊಂಡಿದ್ದರು. ರೈತರು, ದಲ್ಲಾಳಿಗಳು ಫೋನ್ ಮಾಡಿದರೆ ಯಾವ ದಿನ ಹತ್ತಿ ತರಬೇಕು, ಯಾವ ಲಾರಿ ಎಲ್ಲಿಗೆ ಬಂದಿದೆ ಎಂದು ಹೇಳುವುದು ಅವನ ಕೆಲಸ. ಒಬ್ಬರ ಜೊತೆ ಕನ್ನಡ, ಒಬ್ಬರ ಜೊತೆ ತೆಲುಗು, ಇನ್ನೊಬ್ಬರ ಜೊತೆ ದಖ್ಖನಿ ಉರ್ದು. ದನಿ ಕೇಳಿದ ಕೂಡಲೇ ಇಂಥ ಊರಿನ ಇಂಥವರು ಎಂದು ಹೆಸರು ಹಿಡಿದು ಮಾತಾಡಿಸುತ್ತಿದ್ದ. ಮೇಲ್ ಬಂದರೆ ಲ್ಯಾಪ್‌ಟಾಪ್ ಓದುತ್ತಿತ್ತು, ಅವನು ಉತ್ತರ ಟೈಪ್ ಮಾಡುತ್ತಿದ್ದ. ಯಾರ ಹಂಗೂ ಇರಲಿಲ್ಲ.

ಮರಿಬಸಪ್ಪನವರಿಗೆ ವಯಸ್ಸಾಗಿ ಮಿಲ್ಲನ್ನು ಹೈದರಾಬಾದಿನ ಕಂಪನಿಯೊಂದಕ್ಕೆ ಮಾರಿದ ಮೇಲೆ ಎಲ್ಲ ಬದಲಾಯಿತು. ಕಂಪನಿಗೆ ತನ್ನದೇ ಮೇಲ್, ತನ್ನದೇ ಕ್ಯಾಲೆಂಡರ್. ಯಾರ ಸ್ವಂತ ಫೋನಿನಲ್ಲೂ ಅದು ತೆರೆಯಬಾರದು ಎಂದು ಕಟ್ಟಪ್ಪಣೆ. ಹುಲಿಗೇಶನ ಲ್ಯಾಪ್‌ಟಾಪಿನಲ್ಲಿ ಅದು ವೆಬ್ ಪುಟವಾಗಿ ತೆರೆಯುತ್ತಿತ್ತು, ಆದರೆ ಆ ಪುಟ ಬಹಳ ಭಾರ. ದನಿ ಪುಟದ ತಲೆಬರಹಗಳನ್ನೆಲ್ಲ ಓದಿ ಮೇಲ್ ತನಕ ಬರುವಷ್ಟರಲ್ಲಿ ಪುಟ ತನ್ನಷ್ಟಕ್ಕೇ ಹೊಸದಾಗುತ್ತಿತ್ತು, ದನಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಬೆಳಗಿನಿಂದ ಕೂತರೂ ಒಂದು ಮೇಲ್ ಪೂರ್ತಿ ಕೇಳಲು ಆಗುತ್ತಿರಲಿಲ್ಲ.

ದಾರಿ ಇರಲಿಲ್ಲವೆಂದಲ್ಲ. ಲಿನಕ್ಸಿನದೇ ಒಂದು ಮೇಲ್ ಪ್ರೋಗ್ರಾಮ್ ಇತ್ತು. ಅದರೊಳಗೆ ಕಂಪನಿಯ ಮೇಲ್, ಕ್ಯಾಲೆಂಡರ್ ಎರಡನ್ನೂ ತಂದುಕೊಂಡರೆ ದನಿ ಸಲೀಸಾಗಿ ಓದುತ್ತಿತ್ತು. ಹುಲಿಗೇಶ ತಾನೇ ಹುಡುಕಿ ಎಲ್ಲ ಜೋಡಿಸಿದ. ಕೊನೆಯಲ್ಲಿ ಪಾಸ್‌ವರ್ಡ್ ಕೊಟ್ಟಾಗ, ಇದಕ್ಕೆ ಕಂಪನಿಯ ಐಟಿ ವಿಭಾಗದವರ ಒಪ್ಪಿಗೆ ಬೇಕು ಎಂದು ನಿಂತುಬಿಟ್ಟಿತು. ಅವನು ಐಟಿಗೆ ಬರೆದ. ಆ ಸಿಸ್ಟಮಿಗೆ ನಮ್ಮಲ್ಲಿ ಸಪೋರ್ಟ್ ಇಲ್ಲ ಎಂದು ಉತ್ತರ ಬಂತು, ದೂರು ಮುಚ್ಚಿದರು. ಮತ್ತೆ ಬರೆದ, ಮತ್ತೆ ಮುಚ್ಚಿದರು. ಹೊಸ ಲ್ಯಾಪ್‌ಟಾಪ್ ಎಲ್ಲ ಊರಿಗೂ ಬರುತ್ತದೆ, ಆದೋನಿಯ ಸರದಿ ಬಂದಾಗ ನೋಡೋಣ ಅಂದರು. ಸರದಿ ಬರಲಿಲ್ಲ. ಆಗ ಅವನು ಹೆಂಡತಿಯನ್ನು ಕೇಳಿದ.

ತೆಲುಗು ಮೀಡಿಯಮ್ಮಿನಲ್ಲಿ ಹತ್ತನೆಯವರೆಗೆ ಓದಿದ್ದ ಶಿವಲಕ್ಷ್ಮಿ ಹೂಂ ಅಂದಳು. ನಾಲ್ಕು ದಿನದ ಮಾತು ಅಂದುಕೊಂಡಿದ್ದಳು. ಹತ್ತಿ ಸೀಸನ್ ಬಂದರೂ ಮುಗಿಯಲಿಲ್ಲ.

ಹೆಚ್ಚಿನ ಮೇಲ್ ಬರುತ್ತಿದ್ದುದು ಪದ್ಮಜಾ ಎಂಬ ಮೇಡಮ್ ಕಡೆಯಿಂದ. ಹೈದರಾಬಾದಿನಲ್ಲಿ ಕೂತು ಈ ಕಡೆಯ ಮಿಲ್ಲುಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ಬರೆದರೆ ಒಂದೇ ಸಾಲು. ಹೆಸರಿಲ್ಲ, ನಮಸ್ಕಾರವಿಲ್ಲ. ಲಾರಿ ವಿವರ ಯಾಕೆ ಬಂದಿಲ್ಲ, ಇದು ಮತ್ತೆ ಆಗಕೂಡದು, ಇವತ್ತೇ ಬೇಕು. ಮೊದಲ ಸಲ ಅಂಥದ್ದೊಂದು ಓದಿದಾಗ ಶಿವಲಕ್ಷ್ಮಿಗೆ ಅದನ್ನು ಹಾಗೇ ಹೇಳಲು ಬಾಯಿ ಬರಲಿಲ್ಲ. ಕತ್ತು ಮುಂದೆ ಚಾಚಿ ಕೂತಿದ್ದ ಗಂಡನ ಮುಖ ನೋಡಿ, "ಹುಲಿಗೇಶ ಅವರ, ಲಾರಿ ವಿವರ ಇನ್ನಾ ಬಂದಿಲ್ಲ, ಸ್ವಲ್ಪ ನೋಡಿ ಕಳಸ್ರಿ ಅಂತ ಬರದಾರ" ಅಂದಳು. ಅವನ ಮುಖ ಸಡಿಲವಾಯಿತು.

ಅಲ್ಲಿಂದ ಅದೇ ರೂಢಿಯಾಯಿತು. ಒಣ ಸಾಲಿಗೆ ಅವಳು ಎರಡು ಮಾತು ಸೇರಿಸುತ್ತಿದ್ದಳು, ಬಿರುಸಾದ ಮಾತನ್ನು ಮೆತ್ತಗೆ ಮಾಡುತ್ತಿದ್ದಳು. ಈ ಮೇಡಮ್ ಒಳ್ಳೆಯ ಹೆಣ್ಣುಮಗಳು, ಕೆಲಸ ಹೇಳಿದರೂ ಮರ್ಯಾದೆಯಿಂದ ಹೇಳುತ್ತಾಳೆ ಎಂದು ಹುಲಿಗೇಶ ನಂಬಿದ. ಆ ನಂಬಿಕೆಯ ಮೇಲೆ ಉದ್ದುದ್ದ ಉತ್ತರ ಬರೆಯುತ್ತಿದ್ದ. ನಿಮ್ಮ ಮಾತಿನಿಂದ ಉತ್ಸಾಹ ಬಂತು, ಇಲ್ಲಿ ಎರಡು ದಿನದಿಂದ ಮೋಡ ಇದೆ, ಹತ್ತಿ ನೆನೆಯದಂತೆ ತಾಡಪಾಲು ಹಾಕಿಸಿದ್ದೇವೆ, ಧನ್ಯವಾದ. ಬರೆದದ್ದನ್ನು ದನಿ ಅವನಿಗೆ ತಿರುಗಿ ಓದುವಾಗ ಶಿವಲಕ್ಷ್ಮಿ ಒಲೆಯ ಮುಂದೆ ಕೂತು ಕೇಳಿ ತುಟಿ ಕಚ್ಚಿಕೊಳ್ಳುತ್ತಿದ್ದಳು. ನಿಜ ಹೇಳುವ ಹೊತ್ತು ಆಗಲೇ ದಾಟಿಹೋಗಿತ್ತು.

ಮೇಲ್ ಏನೋ ಅವಳು ಓದುತ್ತಿದ್ದಳು, ಕ್ಯಾಲೆಂಡರ್ ಅವಳಿಗೆ ತಿಳಿಯಲಿಲ್ಲ. ಅದು ಬೇರೆಯದೇ ಪುಟ, ಅದರ ತುಂಬ ಬಣ್ಣದ ಚೌಕಗಳು. ಮೀಟಿಂಗಿನ ಹೊತ್ತು ಬದಲಾದರೆ ಚೌಕ ಸದ್ದಿಲ್ಲದೆ ಜಾಗ ಬದಲಿಸುತ್ತಿತ್ತು. ಒಂದು ದಿನ ಎಲ್ಲ ಮಿಲ್ಲುಗಳ ಮೀಟಿಂಗ್ ಹೀಗೇ ಮುಂಚಿನ ಹೊತ್ತಿಗೆ ಸರಿದಿತ್ತು. ಹುಲಿಗೇಶ ಹಳೆಯ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಹಾಕಿ ಕಾದು ಕೂತ. ಯಾರೂ ಬರಲಿಲ್ಲ. ಆಮೇಲೆ ಪದ್ಮಜಾ ಮೇಡಮ್ಮೇ ಫೋನ್ ಮಾಡಿ, ಎಲ್ಲರೂ ನಿಮಗಾಗಿ ಕಾದೆವು, ಕ್ಯಾಲೆಂಡರ್ ನೋಡಲು ಆಗುವುದಿಲ್ಲವೇ ಎಂದು ಕೇಳಿದಳು. ಕಣ್ಣಿಲ್ಲದವನಿಗೆ ಆ ಮಾತು ಹೇಗೆ ತಾಗಿರಬಹುದು ಎಂದು ಅವಳಿಗೆ ಹೊಳೆದಿರಲಾರದು.

ಸಂಜೆ ಅವನು ಮನೆಗೆ ಬಂದು ನಡೆದದ್ದು ಹೇಳಿದ. ಬೈಯಲಿಲ್ಲ. ಆ ಪುಟವನ್ನೂ ದಿನಾ ಒಂದಿಷ್ಟು ನೋಡು ಅಂದ, ಅಷ್ಟೇ. ಆದರೆ ಅವತ್ತು ಅಂಗನವಾಡಿಯಲ್ಲಿ ಫೋನು ಕೈಕೊಟ್ಟು, ಮಕ್ಕಳ ಫೋಟೋ ಅಪ್‌ಲೋಡ್ ಆಗದೆ, ಸೂಪರ್‌ವೈಸರ್ ಕಡೆಯಿಂದ ಮಾತು ಕೇಳಿ ಬಂದಿದ್ದ ಶಿವಲಕ್ಷ್ಮಿಗೆ ತಡೆಯಲಾಗಲಿಲ್ಲ.

"ನನಗ ಎರಡು ನೌಕರಿ ಆದವ್ರಿ. ಅಂಗನವಾಡಿದೊಂದು, ನಿಮ್ದೊಂದು. ನಾನೇನು ಇದನ್ನ ಕಲ್ತು ಬಂದೀನೇನು?"

ಹುಲಿಗೇಶ ಲ್ಯಾಪ್‌ಟಾಪಿನ ಚೀಲ ಪಕ್ಕಕ್ಕೆ ಸರಿಸಿದ. "ಬಿಡು. ನಾಳಿಂದ ಓದಬ್ಯಾಡ. ನಾ ಏನರ ಮಾಡ್ಕೊಂತೀನಿ."

ಮರುದಿನ ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಲಿಲ್ಲ. ದನಿ ಅರ್ಧ ಓದಿ, ಮೊದಲಿಗೆ ಬಂದು, ಮತ್ತೆ ಅರ್ಧ ಓದುತ್ತಿತ್ತು. ಒಂದೇ ಸಾಲನ್ನು ಅಷ್ಟು ಸಲ ಕೇಳಿ ಕೇಳಿ ಶಿವಲಕ್ಷ್ಮಿಗೇ ಸಾಕಾಯಿತು. ಬಂದು ಪಕ್ಕ ಕೂತು ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು.

ಆಗ ಕಂಡದ್ದು ಆ ಮೇಲ್. ಪದ್ಮಜಾ ಇನ್ಯಾರಿಗೋ ಬರೆದದ್ದು, ಎಲ್ಲರಿಗೂ ಹೋಗಿತ್ತು. ಆದೋನಿಯವರಿಗೆ ಮೇಲ್ ನೋಡಿಕೊಳ್ಳಲು ಆಗದಿದ್ದರೆ ಅವರನ್ನು ಗೇಟಿನ ಫೋನಿಗೆ ಕೂರಿಸಿ, ಈ ಕೆಲಸಕ್ಕೆ ಬೇರೆಯವರನ್ನು ನೋಡಿ. ಶಿವಲಕ್ಷ್ಮಿ ಅದನ್ನು ಎರಡು ಸಲ ತನ್ನೊಳಗೇ ಓದಿದಳು.

"ಏನೈತಿ?" ಎಂದ ಹುಲಿಗೇಶ.

"ಏನಿಲ್ಲ. ಬ್ಯಾರೇರಿಗೆ ಬರದಿದ್ದು, ನಮಗೂ ಬಂದೈತಿ" ಎಂದು ಮುಂದಿನದಕ್ಕೆ ಹೋದಳು.

ಆ ವಾರವೆಲ್ಲ ಆ ಸಾಲು ಅವಳ ಜೊತೆಗೇ ಓಡಾಡಿತು. ಮಕ್ಕಳಿಗೆ ಊಟ ಬಡಿಸುವಾಗ, ನೀರು ಹೊರುವಾಗ, ಬಟ್ಟೆ ಹಿಂಡುವಾಗ ನೆನಪಾಗುತ್ತಿತ್ತು. ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪದ್ಮಜಾ ಮೇಡಮ್ ಸೀಸನ್ ನೋಡಲು ಆದೋನಿಗೆ ಬರುತ್ತಾಳೆ ಎಂದು ಇನ್ನೊಂದು ಮೇಲ್‌ನಿಂದ ಗೊತ್ತಾಯಿತು. ಅದನ್ನು ಮಾತ್ರ ಅವಳು ಗಂಡನಿಗೆ ಸರಿಯಾಗಿಯೇ ಓದಿ ಹೇಳಿದಳು. ಅವತ್ತು ಅಂಗನವಾಡಿಯನ್ನು ಆಯಾ ಲಿಂಗಕ್ಕನ ಮೇಲೆ ಬಿಟ್ಟು, ಆಟೋ ಹತ್ತಿ ಮಿಲ್ಲಿಗೆ ಹೋದಳು. ಗಂಡನಿಗೆ ಹೇಳಲಿಲ್ಲ.

ಪದ್ಮಜಾ ತೂಕದ ಕೋಣೆಯ ಪಕ್ಕದ ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಹತ್ತಿಯ ಧೂಳಿಗೆ ಕೆಮ್ಮು ಹಿಡಿದು ಮೂಗಿಗೆ ದುಪಟ್ಟಾ ಒತ್ತಿಕೊಂಡಿದ್ದಳು. ಕಣ್ಣ ಕೆಳಗೆ ಕಪ್ಪು, ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಇಟ್ಟಿತ್ತು. ಶಿವಲಕ್ಷ್ಮಿ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮೇಡಮ್ ಇವಳಲ್ಲ. ಹುಲಿಗೇಶನ ಹೆಂಡತಿ ನಾನು ಎಂದು ತೆಲುಗಿನಲ್ಲಿ ಹೇಳಿದಾಗ, "ಚೆಪ್ಪಮ್ಮಾ" ಎಂದು, ಹೇಳಮ್ಮಾ ಎಂಬಂತೆ ಪಕ್ಕದ ಸ್ಟೂಲು ತೋರಿಸಿದಳು. ಮುಂದಿನ ಮಾತೆಲ್ಲ ತೆಲುಗಿನಲ್ಲೇ ನಡೆಯಿತು.

ಶಿವಲಕ್ಷ್ಮಿ ಎಲ್ಲ ಹೇಳಿದಳು. ತನ್ನಷ್ಟಕ್ಕೇ ಹೊಸದಾಗುವ ಪುಟದ್ದು, ಐಟಿಯವರು ಕೊಡದ ಒಪ್ಪಿಗೆಯದು, ತಾನು ಬೆಳಿಗ್ಗೆ ಓದುವುದು, ಕ್ಯಾಲೆಂಡರ್ ತನಗೆ ತಿಳಿಯದೆ ಹೋದದ್ದು. ಮೀಟಿಂಗ್ ತಪ್ಪಿದ್ದು ತನ್ನಿಂದ, ಅವರಿಂದಲ್ಲ ಅಂದಳು.

ಪದ್ಮಜಾ ಕೇಳುತ್ತಾ ಕೇಳುತ್ತಾ ದುಪಟ್ಟಾ ಕೆಳಗಿಳಿಸಿದಳು. "ನಿಮ್ಮ ಯಜಮಾನರು ನನಗೆ ಯಾಕೆ ಅಷ್ಟು ಒಳ್ಳೆಯ ಉತ್ತರ ಬರೆಯುತ್ತಾರೆ? ನಾನು ಒಂದು ಸಾಲು ಬರೆದರೆ ಎಂಟು ಸಾಲು ಬರುತ್ತದೆ. ಮೊದಮೊದಲು ನನ್ನನ್ನು ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ."

ಶಿವಲಕ್ಷ್ಮಿ ನೆಲ ನೋಡಿದಳು. ನೀವು ಬರೆದ ಹಾಗೆ ನಾನು ಓದುತ್ತಿರಲಿಲ್ಲ ಮೇಡಮ್, ಮೆತ್ತಗೆ ಮಾಡಿ ಓದುತ್ತಿದ್ದೆ ಅಂದಳು. ಗೇಟಿನ ಮಾತನ್ನು ಓದಲೇ ಇಲ್ಲ ಅಂದಳು.

ಪದ್ಮಜಾ ಕಳಚಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದಳು. ಹೊರಗೆ ಯಂತ್ರದ ಸದ್ದು ಒಂದೇ ಸಮ ಇತ್ತು. "ಓಡಾಟದ ನಡುವೆ ಕಾರಿನಲ್ಲಿ ಕೂತು ಮೇಲ್ ಬರೆಯುತ್ತೇನೆ" ಎಂದಳು ಕೊನೆಗೆ. "ಎಲ್ಲರಿಗೂ ಹಾಗೇ ಬರೆಯುತ್ತೇನೆ. ಆ ಗೇಟಿನ ಮೇಲ್ ಅವರಿಗೂ ಹೋಗಿದೆ ಅಂತ ನೋಡಲಿಲ್ಲ." ಕ್ಷಮೆ ಕೇಳಲಿಲ್ಲ. ಫೋನ್ ತೆಗೆದು ಐಟಿಯವರಿಗೆ ಹಚ್ಚಿದಳು. ಅವರು ಏನೇನೋ ಹೇಳುತ್ತಿದ್ದರು. ನನ್ನ ಹೆಸರಿನಲ್ಲಿ ಬರೆದುಕೊಳ್ಳಿ, ಒಪ್ಪಿಗೆ ಕೊಡಿ, ನಾನು ಲೈನಿನಲ್ಲೇ ಇರುತ್ತೇನೆ ಎಂದು ಕಾದು ಕೂತಳು. ಯಾರೋ ತಂದಿಟ್ಟ ಚಹಾ ತಣ್ಣಗಾಗುವುದರೊಳಗೆ ಮುಗಿಯಿತು. ಇಷ್ಟಕ್ಕೇ ಇಷ್ಟು ತಿಂಗಳು ಬೇಕಾಯಿತೇ ಎಂದು ಶಿವಲಕ್ಷ್ಮಿಗೆ ಸಿಟ್ಟು ಬರಬೇಕಿತ್ತು. ಸಿಟ್ಟು ಮಾಡುವಷ್ಟು ತ್ರಾಣ ಇರಲಿಲ್ಲ.

ಸಂಜೆ ಹುಲಿಗೇಶ ಐಟಿಯ ಒಪ್ಪಿಗೆ ಬಂತೆಂದು ಖುಷಿಯಿಂದ ಬಂದ. ತಾನೇ ಎಲ್ಲವನ್ನೂ ಹೊಸದಾಗಿ ಜೋಡಿಸಿದ. ಪ್ರೋಗ್ರಾಮಿನೊಳಕ್ಕೆ ಮೇಲ್ ಇಳಿಯತೊಡಗಿದವು, ಹೊಸವಷ್ಟೇ ಅಲ್ಲ, ಹಳೆಯವೂ. ಹಳೆಯವೂ ಬರುತ್ತವೆ ಎಂದು ಶಿವಲಕ್ಷ್ಮಿ ಯೋಚಿಸಿರಲಿಲ್ಲ. ಮಿಲ್ಲಿಗೆ ಹೋಗಿದ್ದನ್ನು, ತಾನು ಓದಿದ ರೀತಿಯನ್ನು ಅಲ್ಲೇ ಬಾಯಿಬಿಟ್ಟು ಹೇಳಿಬಿಟ್ಟಳು. ಹುಲಿಗೇಶ ಕೇಳಿಸಿಕೊಂಡು, ಮೊದಲ ಮೇಲ್ ತೆರೆದು ಕೀ ಒತ್ತಿದ.

ದನಿ ಓದಿತು. ಲಾರಿ ವಿವರ ಯಾಕೆ ಬಂದಿಲ್ಲ. ಇದು ಮತ್ತೆ ಆಗಕೂಡದು. ಇವತ್ತೇ ಬೇಕು. ಒಂದಾದ ಮೇಲೊಂದು, ಅದೇ ಮೂಗಿನ ದನಿಯಲ್ಲಿ. ಅವಳು ಸಾರಿನ ಪಾತ್ರೆ ಇಳಿಸುವುದನ್ನು ಮರೆತು ನಿಂತಿದ್ದಳು. ಗೇಟಿನ ಮೇಲ್ ಬಂತು. ಅವನು ಅದನ್ನು ಇನ್ನೊಮ್ಮೆ ಓದಿಸಿದ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಕೂತ. ಕೈ ತೊಳೆಯುವಾಗ ಹೇಳಿದ, "ಗೇಟಿನ ಮಾತು ನನಗ ಹೇಳಬೇಕಿತ್ತು ನೀನು."

"ಹೇಳಿದ್ರ ನೀವು ಉಣ್ತಿದ್ದಿಲ್ಲ."

"ದಾರ್ಯಾಗ ಗುಂಡಿ ಇದ್ರ ಇಲ್ಲ ಅಂತ ನೀ ಯಾವತ್ತರ ಹೇಳೀಯೇನು, ಲಕ್ಷ್ಮಿ? ಇದೂ ಹಂಗ."

ಅವನ ಮಾತಿನಲ್ಲಿ ಸಿಟ್ಟಿಗಿಂತ ಆಯಾಸವೇ ಹೆಚ್ಚಿತ್ತು. ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಇಬ್ಬರೂ ಬೇಗ ಮಲಗಿದರು.

ಬೆಳಿಗ್ಗೆ ಅವನು ಎಂದಿನಂತೆ ಗೋಡೆಗೆ ಒರಗಿ ಕೂತು ಮೇಲ್ ಕೇಳುತ್ತಿದ್ದ. ಅವಳು ಚಹಾ ತಂದು ಕೈಗಿಟ್ಟಾಗ, "ಆಕಿ ಇಷ್ಟ ಸಣ್ಣದು ಬರೀತಾಳಂತ ಗೊತ್ತಿದ್ರ ನಾನೂ ಅಷ್ಟ ಬರೀತಿದ್ದೆ. ಎಷ್ಟ್ ಟೈಪ್ ಮಾಡಿಸಿದಿ ನನ್ನ ಕೈಲೆ" ಅಂದ. ನಗಲಿಲ್ಲ, ಆದರೆ ದನಿ ತಿಳಿಯಾಗಿತ್ತು. ಅವಳಿಗೆ ಅಷ್ಟು ಸಾಕಿತ್ತು.

ಗೇಟಿಗೆ ಅವನನ್ನು ಕಳಿಸಲಿಲ್ಲ. ಮೀಟಿಂಗಿನ ಹೊತ್ತು ಬದಲಾದರೆ ಕ್ಯಾಲೆಂಡರ್ ಈಗ ಅವನಿಗೇ ಹೇಳುತ್ತದೆ. ಪದ್ಮಜಾ ಇವತ್ತಿಗೂ ಒಂದೇ ಸಾಲು ಬರೆಯುತ್ತಾಳೆ, ಹುಲಿಗೇಶನೂ ಎರಡು ಸಾಲಿಗೆ ಇಳಿದಿದ್ದಾನೆ. ನಡುನಡುವೆ ಕಂಪನಿ ಹೊಸದಾಗಿ ಪಾಸ್‌ವರ್ಡ್ ಕೇಳಿ, ಚಿತ್ರದೊಳಗೆ ನಂಬರು ತೋರಿಸುತ್ತದೆ, ಅದನ್ನು ದನಿ ಓದಲಾರದು. ಆಗ ಅವನು ಒಳಗಿನಿಂದ ಕೂಗುತ್ತಾನೆ, ಅವಳು ಹಿಟ್ಟಿನ ಕೈಯಲ್ಲೇ ಬಂದು ನಂಬರು ಓದಿ ಹೋಗುತ್ತಾಳೆ.

ಮೇಲ್ ಓದುವುದು ತಪ್ಪಿ ಉಳಿದ ಹೊತ್ತೇನೂ ಶಿವಲಕ್ಷ್ಮಿಯ ಕೈಯಲ್ಲಿ ನಿಂತಿಲ್ಲ. ನೀರು, ಅಂಗನವಾಡಿಯ ಫೋನು, ಒಗೆಯುವ ಬಟ್ಟೆ ಅದನ್ನು ತಿಂದುಹಾಕಿವೆ. ಟ್ಯಾಂಕರ್ ಬರದ ದಿನ ಮಾತ್ರ ರೊಟ್ಟಿ ಮುಗಿಸಿ ಚಾಪೆಯ ಮೇಲೆ ಸ್ವಲ್ಪ ಅಡ್ಡಾಗುತ್ತಾಳೆ. ಪಕ್ಕದಲ್ಲಿ ದನಿ ಲಾರಿಗಳ ಮಾತು ಓದುತ್ತಿರುತ್ತದೆ. ಅವಳು ಕೇಳಿಸಿಕೊಳ್ಳುವುದಿಲ್ಲ, ಕಣ್ಣು ಮುಚ್ಚಿರುತ್ತಾಳೆ.