ಮಜ್ಜಿಗೆಗೆ ಹೋಗದ ಗರ್ಮಿ

ಮೊದಲು ಕಂಡದ್ದು ಒಂದು ಹುಣ್ಣು. ನೋವಿಲ್ಲ, ತುರಿಕೆಯಿಲ್ಲ. ಯಾರಿಗೂ ತೋರಿಸಲಾಗದ ಜಾಗ. ಯುಗಾದಿ ಮುಗಿದಿತ್ತು ಎಂದಷ್ಟೇ ಹೇಳಬಲ್ಲೆ, ಅದೂ ಅವ್ವ ನೆನಪಿಸಿದ್ದರಿಂದ.

ನಾನು ಸೋಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಪುಣೆಯಲ್ಲಿ ಬಿ.ಎಸ್ಸಿ. ಓದಿದವನು, ದೇವರಿಗೂ ಪುರಾವೆ ಕೇಳುವವನು. ಅಂಥವನು ಹುಣ್ಣಿನ ಮಾತು ಎತ್ತಲಾರದೆ, ಮೈಯೆಲ್ಲ ಉರಿ ಎಂದಷ್ಟೇ ಅವ್ವನಿಗೆ ಹೇಳಿದೆ.

"ಬಿಸಲಾಗ ತಿರುಗಿ ಗರ್ಮಿ ಆಗ್ಯಾದ ತಮ್ಮಾ. ಮಜ್ಜಿಗಿ ಕುಡಿ."

ಕುಡಿದೆ. ಮೂರ್ನಾಲ್ಕು ವಾರಕ್ಕೆ ಹುಣ್ಣು ಮಾಯಿತು. ಮಜ್ಜಿಗೆಗೆ ಮಾತ್ರ ನಾನು ಪುರಾವೆ ಕೇಳಲಿಲ್ಲ.

ಮಳೆಗಾಲದ ಮೊದಲಲ್ಲಿ ಅಂಗೈಗಳ ಮೇಲೆ ಕೆಂಪು ಕಲೆಗಳೆದ್ದವು. ಡಾಕ್ಟರು ಕೈ ತಿರುಗಿಸಿ ನೋಡಿದರು.

"ಮೊದಲ ಎಲ್ಲೆರ ಹುಣ್ಣಾಗಿತ್ತೇನ್ರಿ ಮಾಸ್ತರ?"

"ಆಗಿತ್ರಿ. ಗರ್ಮಿ ಆಗಿತ್ತು. ಮಜ್ಜಿಗಿಗಿ ಹೋತು."

ಅವರು ನಕ್ಕುಬಿಟ್ಟರು. "ಗರ್ಮಿ ಖರೇನ, ಆದ್ರ ಬಿಸಲಿಂದಲ್ಲ. ಈ ರೋಗಕ್ಕೂ ಮಂದಿ ಗರ್ಮಿ ಅಂತಾರ. ಹುಣ್ಣು ತಾನ ಮಾಯ್ತದ, ರೋಗ ನೆತ್ತರಾಗ ಉಳೀತದ. ಮಜ್ಜಿಗಿಗಿ ಸುಮ್ನ ಹೆಸರು ಬಂತು."

ಬ್ಲಡ್ ಟೆಸ್ಟ್ ಪಾಸಿಟಿವ್. ಸಿಫಿಲಿಸ್.

ನನ್ನ ಹೆಂಡತಿ ಕಾಶಿ ಆಗ ಐದು ತಿಂಗಳ ಬಸುರಿ.

ಪುಣೆಗೆ ಪರೀಕ್ಷೆಯ ಪೇಪರು ತಿದ್ದಲು ಹೋದಾಗ ಒಂದು ಮನೆಯ ಮೆಟ್ಟಿಲು ಹತ್ತಿದ್ದೆ. ಒಮ್ಮೆ ಮಾತ್ರ ಎಂದು ನೆನಪು. ಇಂಥ ವಿಷಯದಲ್ಲಿ ನನ್ನ ನೆನಪು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ ಎಂಬ ಸಂಶಯವೂ ಇದೆ. ಔಷಧಿಯಾಗದಿದ್ದರೆ ಕೂಸು ಹೊಟ್ಟೆಯಲ್ಲೇ ಹೋಗಬಹುದು, ರೋಗ ಹೊತ್ತೇ ಹುಟ್ಟಬಹುದು, ಆದರೆ ಇನ್ನೂ ಹೊತ್ತು ಮೀರಿಲ್ಲ ಎಂದರು ಡಾಕ್ಟರು.

ಕಾಶಿ ಮೈಂದರ್ಗಿಯ ತವರಿನಲ್ಲಿದ್ದಳು. ಬಸ್ಸು ಹಿಡಿದು ಹೋಗಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ನಂದೂ ನೆತ್ತರ ತೋರಸ್ರಿ. ಕೂಸು ಬರ್ಲಿ, ಆಮ್ಯಾಲ ನಿಮಗ ನೋಡ್ಕೋತೀನಿ" ಅಂದಳು. ಹಾಗೆಂದು ನನ್ನ ನೆನಪು.

ಅವಳ ನೆನಪು ಬೇರೆ. "ನಾ ಬರೇ ಅಳಾಕತ್ತಿದ್ದೆ. ಮಾತು ಎಲ್ಲಿಂದ ಬರ್ಬೇಕ್ರಿ?"

ಅವಳದೇ ನಿಜವಿರಬೇಕು.

ಅವಳ ರಿಪೋರ್ಟೂ ಪಾಸಿಟಿವ್. ಹತ್ತು ದಿನ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಂಡೆವು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂರುತ್ತಿದ್ದಳು. ಕೊನೆಯ ದಿನ ಬೆಂಚು ತುಂಬಿತ್ತು. ನನ್ನ ಪಕ್ಕಕ್ಕೆ ಸರಿದಳು.

ಮಗಳು ಹುಟ್ಟಿದಳು. ಆರನೆಯ ತಿಂಗಳಲ್ಲಿ ಅವಳ ರಕ್ತ ನೆಗೆಟಿವ್ ಬಂತು. ಆ ಚೀಟಿ ಟ್ರಂಕಿನಲ್ಲಿದೆ. ಅದೊಂದಕ್ಕೆ ನಾನು ನೆನಪನ್ನು ನಂಬಬೇಕಾಗಿಲ್ಲ.

ಕಳೆದ ವಾರ ಕಾಕಾನ ಮಗ ಸಿದ್ರಾಮ ಮನೆಗೆ ಬಂದ. ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ನೌಕರಿ ಅವನಿಗೆ. ಅತ್ತಿತ್ತ ನೋಡಿ, "ಅಣ್ಣಾ, ಒಂದು ಹುಣ್ಣಾಗ್ಯಾದ. ಗರ್ಮಿ ಇರ್ಬೇಕು" ಅಂದ.

ಅವ್ವನ ಕಿವಿಗೆ ಕೊನೆಯ ಮಾತಷ್ಟೇ ಬಿತ್ತು. ಮಜ್ಜಿಗೆ ತರಲು ಎದ್ದಳು. ತೊಟ್ಟಿಲ ಬಳಿಯಿಂದ ಕಾಶಿ ಕೂಗಿದಳು: "ಮಜ್ಜಿಗಿ ಆಮ್ಯಾಲ್ರಿ ಅತ್ತಿ! ಮೊದಲ ದವಾಖಾನಿ!"

ನಾನು ಚಪ್ಪಲಿ ಮೆಟ್ಟಿದೆ. "ನಡಿ. ನಂದೂ ಮತ್ತೊಮ್ಮೆ ಟೆಸ್ಟ್ ಅದ."

"ನಿಂದ್ಯಾಕೋ ಅಣ್ಣಾ?"

"ನಂಗೂ ಅದೇ ಗರ್ಮಿ ಆಗಿತ್ತು."

ಅವನೂ ಚಪ್ಪಲಿ ಮೆಟ್ಟಿದ. ಆಮೇಲೆ ನನಗಿಂತ ಮುಂದೆ ನಡೆದ.

ಅವನಿಗೆ ಈಗ ಇಂಜೆಕ್ಷನ್ ನಡೆದಿದೆ, ಹುಣ್ಣು ಇನ್ನೂ ಮಾಯದಿರುವಾಗಲೇ. ನನ್ನದು ನೆಗೆಟಿವ್. ಆ ದಿನ ಸುಡುಬಿಸಿಲು. ಮರಳಿ ಬಂದು ಇಬ್ಬರೂ ಮಜ್ಜಿಗೆ ಕುಡಿದೆವು, ಬಿಸಿಲಿನ ಗರ್ಮಿಗೆ.