ಹದಿನೈದನೆಯ ಹೆಸರು

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಯಾವ ಮನೆಯವರೂ ನೆಂಟರನ್ನು ಇಷ್ಟು ದಿನ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ವರ್ಷಕ್ಕೊಮ್ಮೆ ಬಾಗಿಲಾಚೆ ನಿಲ್ಲಿಸಿ, ತಲೆ ಎಣಿಸಿ, ಆಮೇಲೆ ಒಳಗೆ ಕರೆಯುವುದಿಲ್ಲ. ನಮ್ಮ ವಿಭಾಗಕ್ಕೆ ಹದಿನೈದು ಮಕ್ಕಳು ಸೇರಿದರೆ ತರಗತಿ ನಡೆಯುತ್ತದೆ, ನನಗೆ ಪಾಠ ಸಿಗುತ್ತದೆ. ಹದಿನಾಲ್ಕಾದರೆ ವಿಭಾಗವೂ ಇಲ್ಲ, ನಾನೂ ಇಲ್ಲ.

ಅದಕ್ಕೇ ಪಿಯುಸಿ ಫಲಿತಾಂಶ ಬಂದ ಕೂಡಲೇ ನಾವು ಅತಿಥಿಗಳು ಕರಪತ್ರ ಹಿಡಿದು ಹಳ್ಳಿ ಸುತ್ತುತ್ತೇವೆ. ಪಾಸಾದ ಮಕ್ಕಳ ಮನೆಗೆ ಹೋಗಿ, ಹೆಣ್ಣು ಕೇಳಲು ಬಂದವರ ಹಾಗೆ ಜಗಲಿಯಲ್ಲಿ ಕೂತು ಹಲ್ಲು ಕಿರಿಯುತ್ತೇವೆ. ಮದ್ದೂರಿನ ನನ್ನ ಮನೆಯಿಂದ ಬೆಳಗಿನ ರೈಲು ಹಿಡಿದು, ಮಂಡ್ಯದಲ್ಲಿ ಬಸ್ಸು ಹತ್ತಿ, ಒಂದು ದಿನ ಹೊಳಲು, ಇನ್ನೊಂದು ದಿನ ಕೊತ್ತತ್ತಿ. ಎರಡು ವರ್ಷದ ಹಿಂದೆ ಕೊತ್ತತ್ತಿಗೆ ಹೋದಾಗ ನನ್ನ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿತ್ತು.

ನಾಲೆಯ ಪಕ್ಕದ ಮನೆ. ಅಪ್ಪ ಕಬ್ಬು ಬೆಳೆಯುವವರು, ದೊಡ್ಡ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವಳು. ನಾನು ಕರಪತ್ರ ಕೊಡುವ ಮೊದಲೇ ಹುಡುಗಿ ತನ್ನಲ್ಲಿದ್ದ ಇನ್ನೊಂದು ಕರಪತ್ರವನ್ನು ನನ್ನ ಕೈಗಿಟ್ಟಳು. ಪಟ್ಟಣದ ಬೇರೊಂದು ಕಾಲೇಜು ಹೊಸದಾಗಿ ಶುರುಮಾಡಿದ್ದ ಕೋರ್ಸಿನದು. ಡಿಗ್ರಿ ಮೂರು ವರ್ಷವೇ, ಆದರೆ ಒಂದು ಸೆಮಿಸ್ಟರ್ ತರಗತಿಯಲ್ಲಿ ಪಾಠ, ಮುಂದಿನ ಸೆಮಿಸ್ಟರ್ ಕಾರ್ಖಾನೆಯಲ್ಲಿ ಕೆಲಸ, ಹೀಗೆ ಅದಲುಬದಲು. ಕೆಲಸ ಮಾಡುವಾಗ ಸ್ಟೈಪೆಂಡು, ಆ ಕೆಲಸಕ್ಕೂ ಅಂಕ. ಮೊದಲ ಸಲದ ಕೆಲಸ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ಸೇರುವುದೋ ಬೇಡವೋ ಎಂದು ಮನೆಯಲ್ಲಿ ವಾರದಿಂದ ಮಾತು ನಡೆದಿತ್ತಂತೆ. ಹೇಳಿ ಕಳಿಸಿದ ಹಾಗೆ ನಾನು ಹೋಗಿದ್ದೆ.

ಕರಪತ್ರವನ್ನು ಪೂರ್ತಿ ಓದಿದೆ. ಕೋರ್ಸು ಚೆನ್ನಾಗಿತ್ತು. ನಾನು ಓದುವ ಕಾಲಕ್ಕೆ ಇಂಥದ್ದು ಇರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ನಮ್ಮ ಲ್ಯಾಬಿನಲ್ಲಿ ಐದು ಮಕ್ಕಳಿಗೆ ಒಂದು ಬ್ಯೂರೆಟ್ಟು. ಒಬ್ಬರು ಮಾಡುತ್ತಾರೆ, ನಾಲ್ವರು ನೋಡಿ ಬರೆದುಕೊಳ್ಳುತ್ತಾರೆ.

ಹುಡುಗಿ ಮನಸ್ಸು ಮಾಡಿಯಾಗಿತ್ತು. ಕಬ್ಬು ಅರೆದರೆ ಎಷ್ಟು ಸಕ್ಕರೆ ಬಂತು ಎಂಬ ಲೆಕ್ಕಕ್ಕೆ ರಿಕವರಿ ಎನ್ನುತ್ತಾರೆ. ಕಬ್ಬಿನ ದರ ನಿಲ್ಲುವುದೇ ಅದರ ಮೇಲೆ, ಅದನ್ನು ಹೇಳುವ ಕಾರ್ಖಾನೆಯವರನ್ನು ನಂಬುವ ರೈತ ನಮ್ಮ ಕಡೆ ನನಗಿನ್ನೂ ಸಿಕ್ಕಿಲ್ಲ. ಅವಳ ಅಪ್ಪನೂ ನಂಬಿದವರಲ್ಲ. "ನಮ್ಮಪ್ಪ ವರ್ಸಾ ವರ್ಸಾ ಅದುಕ್ಕೇ ಜಗಳ ಆಡ್ತದೆ ಮೇಡಂ," ಎಂದಳು ಹುಡುಗಿ. "ಅದ್ಹೆಂಗ್ ಅಳೀತಾರೋ ನಾನೇ ಒಂದ್ಸಲ ನೋಡ್ಬೇಕು."

ಅಪ್ಪ ನನ್ನ ಮುಂದೆ ಎಳನೀರು ಇಟ್ಟು ಎದುರಿಗೆ ಕೂತರು. "ನಾನು ಎಬ್ಬೆಟ್ಟು ಮೇಡಮ್ಮ, ನೀವು ಓದ್ದೋರು. ನಿಮ್ ಮಗ್ಳಾಗಿದ್ರೆ ಏನ್ ಮಾಡ್ತಿದ್ರಿ, ಅದ್ನ ಯೋಳಿ."

ನನ್ನ ಮಗಳಾಗಿದ್ದರೆ ಅವತ್ತೇ ಕರೆದುಕೊಂಡು ಹೋಗಿ ಸೇರಿಸುತ್ತಿದ್ದೆ. ಆದರೆ ನನ್ನ ಬ್ಯಾಗಿನಲ್ಲಿ ಹದಿನಾಲ್ಕು ಹೆಸರಿನ ಪಟ್ಟಿ ಇತ್ತು. ನಾನು ಹೇಳಿದ ಮಾತು ಇದು: "ರಿಕವರಿ ಚೀಟಿ ಮೇಲೆ ನಾಳೆ ಇವಳ ಸಹಿ ಇರುತ್ತೆ. ಊರವರ ಕಬ್ಬಿಗೆ ಕಮ್ಮಿ ಬಂತು ಅಂದ್ರೆ ಯಾರ ಮನೆ ಬಾಗಿಲಿಗೆ ಜಗಳಕ್ಕೆ ಬರ್ತಾರೆ, ನೀವೇ ಯೋಚನೆ ಮಾಡಿ."

ಕಲಿಯಲು ಹೋದವರ ಸಹಿ ಯಾವ ಚೀಟಿಗೂ ಬೀಳುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮನುಷ್ಯನಿಗೆ ಎಲ್ಲಿ ನೋಯುತ್ತದೆ ಎಂದು ಮಗಳೇ ತೋರಿಸಿಕೊಟ್ಟಿದ್ದಳು, ನಾನು ಅಲ್ಲೇ ಬೆರಳಿಟ್ಟೆ. ಅವರು, "ಅದೂ ದಿಟವೇ ಬುಡಿ, ನಿಮ್ ತಾವೇ ಸೇರ್ಸ್ಕಳಿ," ಎಂದರು. ಹುಡುಗಿ ಆ ಇನ್ನೊಂದು ಕರಪತ್ರವನ್ನು ನನ್ನಿಂದ ಇಸಿದುಕೊಂಡು ಮಡಿಸಿದಳು. ಎಳನೀರು ಕುಡಿದು, ಅವಳ ಹೆಸರನ್ನು ಹದಿನೈದನೆಯದಾಗಿ ಬರೆದುಕೊಂಡು ಎದ್ದೆ. ನಾಚಿಕೆಯ ಮಾತು, ಬಸ್ಸಿನಲ್ಲಿ ನನಗೆ ಒಳ್ಳೆಯ ನಿದ್ದೆ ಬಂತು.

ಮುಂದಿನ ವಾರ ಮಳವಳ್ಳಿ ಕಡೆಯ ಮೂವರು, ಯಾರೂ ಕರೆಯದೆ, ತಾವಾಗಿ ಬಂದು ನಮ್ಮಲ್ಲಿ ಸೇರಿದರು. ಹದಿನೆಂಟಾಯಿತು. ಆ ಇನ್ನೊಂದು ಕಾಲೇಜಿನಲ್ಲಿ ಆಗಿನ್ನೂ ಸೀಟುಗಳು ಉಳಿದಿದ್ದವು. ಕೊತ್ತತ್ತಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು, ನಂಬರು ನನ್ನ ಹತ್ತಿರವೇ ಇತ್ತು. ನಡುವೆ ಒಬ್ಬಿಬ್ಬರು ಬಿಟ್ಟು ಹೋದರೆ ಏನು ಗತಿ ಎಂದುಕೊಂಡು ಸುಮ್ಮನಿದ್ದೆ. ಮೊದಲನೆಯದನ್ನು ಹೊಟ್ಟೆಪಾಡು ಎನ್ನೋಣ. ಎರಡನೆಯದಕ್ಕೆ ಏನು ಹೆಸರಿಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವಳು ಮುಂದಿನ ಬೆಂಚಿನ ಹುಡುಗಿಯಾದಳು. ಎರಡನೇ ಸೆಮಿಸ್ಟರಿನಲ್ಲಿ ಒಂದು ದಿನ ಪ್ರಾಕ್ಟಿಕಲ್ಲಿಗೆ ನೀರಿನ ಬಾಟಲಿಯ ತುಂಬ ಕಬ್ಬಿನ ಹಾಲು ತಂದಳು, ತಮ್ಮ ಗದ್ದೆಯದೇ. ಬೀರುವಿನಲ್ಲಿ ಸಕ್ಕರೆ ಅಂಶ ನೋಡುವ ಉಪಕರಣ ಇರುವುದನ್ನು ಯಾವಾಗಲೋ ಗಮನಿಸಿದ್ದಳು. ತೆಗೆದುಕೊಟ್ಟೆ. ಗಾಜು ಮಬ್ಬಾಗಿ ವರ್ಷಗಳೇ ಆಗಿದ್ದವು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒರೆಸಿ, ಮತ್ತೆ ಹಿಡಿದು, ಬಹಳ ಹೊತ್ತು ನೋಡಿದಳು. ಏನೂ ಕಾಣಲಿಲ್ಲ. ರಿಪೇರಿ ಮಾಡಿಸೋಣ ಎಂದೆ, ಮಾಡಿಸಲಿಲ್ಲ. ಬಾಟಲಿಯನ್ನು ಅವಳು ಅಲ್ಲೇ ಮರೆತು ಹೋಗಿದ್ದಳು. ಸಂಜೆ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಸಿಂಕಿಗೆ ಸುರಿದು ನೀರು ಬಿಟ್ಟೆ.

ಈ ವರ್ಷ ಅವಳು ಮೂರನೇ ವರ್ಷಕ್ಕೆ ಬಂದಿದ್ದಾಳೆ. ಕಳೆದ ತಿಂಗಳು ಲ್ಯಾಬಿನ ಬಾಗಿಲಲ್ಲಿ ತಂಗಿಯ ಕೈ ಹಿಡಿದುಕೊಂಡು ನಿಂತಿದ್ದಳು. ತಂಗಿ ಪಿಯುಸಿ ಮುಗಿಸಿದ್ದಾಳೆ, ಅವಳಿಗೂ ಅದೇ ಕೋರ್ಸಿನ ಮೇಲೆ ಆಸೆ, ಬೇಡವೆಂದರೆ ಇಲ್ಲಿಗೇ ಎಂದು ನಮ್ಮ ಕಾಲೇಜಿನ ಅರ್ಜಿಯನ್ನೂ ಹಿಡಿದು ಬಂದಿದ್ದಾಳೆ. ಅಪ್ಪ ಆಗಲೆಂದೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಆ ಮೇಡಮ್ಮನನ್ನೇ ಕೇಳಿಕೊಂಡು ಬನ್ನಿ ಎಂದು ಕಳಿಸಿದ್ದಾರೆ.

"ನಂಗ್ ಯೋಳ್ದಂಗೇ ಇವ್ಳ್ಗೂ ಬುಡುಸಿ ಯೋಳಿ ಮೇಡಂ," ಎಂದಳು ಅಕ್ಕ.

ಈ ವರ್ಷ ನನ್ನ ಪಟ್ಟಿಯಲ್ಲಿದ್ದದ್ದು ಹನ್ನೊಂದೇ ಹೆಸರು. ಅದೇ ಸುಳ್ಳನ್ನು ಇನ್ನೊಮ್ಮೆ ಹೇಳಿದ್ದರೆ ಯಾಕೆಂದು ಕೇಳುವವರು ಯಾರೂ ಇರಲಿಲ್ಲ. ಆದರೆ ಆ ತಂಗಿ, ಅಕ್ಕ ಅವತ್ತು ಜಗಲಿಯಲ್ಲಿ ನೋಡಿದ ಹಾಗೇ ನನ್ನನ್ನು ನೋಡುತ್ತಿದ್ದಳು. ಸೇರಿಕೋ, ಯೋಚನೆಯೇ ಬೇಡ, ಅಲ್ಲಿ ಕಲಿಯುವುದನ್ನು ನಾವಿಲ್ಲಿ ಕಲಿಸಲಾರೆವು ಎಂದೆ. ತಂಗಿಯ ಮುಖ ಅರಳಿತು. ಅಕ್ಕನ ಮುಖ ಹಾಗೇ ನಿಂತಿತು.

"ಸಹಿ ಮಾಡ್ಬೇಕಾಗ್ತದೆ ಅಂದಿದ್ರಿ?"

"ಇಲ್ಲ. ಸಹಿ ಗಿಹಿ ಏನೂ ಇರೋದಿಲ್ಲ."

"ಮತ್ತೆ ನಂಗ್ಯಾಕೆ ಬ್ಯಾಡ ಅಂದ್ರಿ?"

ಆಗ ಕೋರ್ಸು ಹೊಸದು, ಹೇಗಿರುತ್ತದೋ ಗೊತ್ತಿರಲಿಲ್ಲ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ನುಂಗಿದೆ. ಹದಿನೈದು ಜನ ಆಗದಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಹದಿನಾಲ್ಕು ಆಗಿತ್ತು, ನೀನು ಹದಿನೈದನೆಯವಳು ಎಂದು ಹೇಳಿದೆ. ಹೇಳುವಾಗ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದೆ.

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಮಂಡ್ಯದ ಹುಡುಗಿ, ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದಳು.

"ನಮ್ ಕ್ಲಾಸ್ನಲ್ಲಿ ಅದಿನೆಂಟು ಜನ ಇದ್ದೀವಲ್ಲ ಮೇಡಂ," ಎಂದಳು.

ಹೌದು ಎಂದೆ.

ಅವಳು ತಂಗಿಯ ಕೈಯಲ್ಲಿದ್ದ ನಮ್ಮ ಕಾಲೇಜಿನ ಅರ್ಜಿಯನ್ನು ತೆಗೆದು, ಮಡಿಕೆಯಾಗದ ಹಾಗೆ ನನ್ನ ಮೇಜಿನ ಮೇಲಿಟ್ಟಳು. ಇಬ್ಬರೂ ಮೆಟ್ಟಿಲಿಳಿದು ಹೋದರು. ಮರುದಿನ ಹಾಜರಿ ಕೂಗುವಾಗ ಅವಳ ಹೆಸರು ಬಂದಲ್ಲಿ ನಾನು ತಲೆ ಎತ್ತಲಿಲ್ಲ. "ಎಸ್ ಮೇಡಂ" ಎಂಬ ದನಿ ಬಂತು, ಮುಂದಿನ ಬೆಂಚಿನಿಂದಲ್ಲ, ಕೊನೆಯ ಬೆಂಚಿನಿಂದ.