ಕಡಲ್ಗಳ್ಳರಿಗೆ ನಗು ಬರೆಸಿದವನು ನಾನು

ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅದು ಕರಗಿ ಅಂಟಿಕೊಳ್ಳುತ್ತದೆ. ಅದರ ಹದ ನೋಡಲು ಬೆರಳು ತಾಗಿಸಿ ತಾಗಿಸಿ ಚರ್ಮ ಗಾಜಿನಂತೆ ನುಣುಪಾಗಿತ್ತು. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಬೊಟ್ಟು. ಚನ್ನಪಟ್ಟಣದ ನಮ್ಮ ಬೊಂಬೆ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ನಾನೂ.

ವಿರೂಪಾಕ್ಷಿಪುರದಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ನನಗೆ ಉಳಿ ಹಿಡಿಯಲು ಕಲಿಸಿದವರು ಅವರು. ಅವಸರಪಟ್ಟು ಒತ್ತಿದರೆ ಮೊಣಕೈ ಮೇಲೆ ಮೆಲ್ಲಗೆ ತಟ್ಟಿ, "ಒಸಿ ನಿಧಾನ. ಮರ ಎಲ್ಲೂ ಓಡೋಗಲ್ಲ" ಎನ್ನುತ್ತಿದ್ದರು. ಮುಗಿದ ಬೊಂಬೆಯನ್ನು ಮೊದಲು ತಮ್ಮ ಕೆನ್ನೆಗೇ ಉಜ್ಜಿ ನೋಡುವರು. ಎಲ್ಲಾದರೂ ಚುಚ್ಚಿದರೆ ಅದು ಮತ್ತೆ ಲೇತಿಗೆ. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನನಗೆ ಕನ್ನಡವೂ ಮುರುಕು ಇಂಗ್ಲಿಷೂ ಬರುತ್ತಿದ್ದವು. ಅಷ್ಟಕ್ಕೇ ಮಾಲೀಕರು ಮುಂದೊಂದು ದಿನ ನನ್ನನ್ನು ಅವರ ಮೇಲೆ ಮೇಸ್ತ್ರಿ ಮಾಡಿದರು.

ಬಿಡದಿಯಲ್ಲಿ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಕಾಲ ಅದು. ಪೇಟೆಗೆ ಪ್ಲಾಸ್ಟಿಕ್ ಬೊಂಬೆ ನುಗ್ಗಿ ನಮಗೆ ಕೆಲಸ ಕಮ್ಮಿಯಾಗಿತ್ತು. ಹೊಸ ಆರ್ಡರ್ ಬರದಿದ್ದರೆ ಎಂಟು ಲೇತಿನಲ್ಲಿ ಒಂದನ್ನು ನಿಲ್ಲಿಸುವುದಾಗಿ ಮಾಲೀಕರು ಹೇಳಿಬಿಟ್ಟಿದ್ದರು. ಯಾರ ಲೇತು ಎಂದು ಹೇಳಿರಲಿಲ್ಲ.

ಆಗ ಬಿಡದಿಯ ಕಾರ್ಖಾನೆಯೊಂದರಲ್ಲಿದ್ದ ಒಬ್ಬ ಜಪಾನಿ ಅಧಿಕಾರಿ ದುಭಾಷಿಯೊಬ್ಬನನ್ನು ಕರೆದುಕೊಂಡು ಬಂದರು. ಕೈಯಲ್ಲಿ ಅವರ ದೇಶದ ಚಿತ್ರಕಥೆ ಪುಸ್ತಕ. ಯಾವುದೋ ಮಾಯದ ಸಮುದ್ರ, ಅದರಲ್ಲಿ ಏಳು ಜನ ಕಡಲ್ಗಳ್ಳರು: ಉಪ್ಪುಗಟ್ಟಿದ ಗಡ್ಡದ ಕ್ಯಾಪ್ಟನ್, ಹೆಗಲ ಮೇಲೆ ಗಂಟೆ ಹೊತ್ತ ದಢೂತಿ, ಮೀನುಗಣ್ಣಿನ ಹೆಂಗಸು, ಹೀಗೆ. ಏಳನ್ನೂ ಮರದಲ್ಲಿ ಮಾಡಿಕೊಡಬೇಕು, ಥೇಟ್ ಪುಸ್ತಕದಲ್ಲಿರುವಂತೆ. ಮಾದರಿ ಒಪ್ಪಿಗೆಯಾದರೆ ವರ್ಷಪೂರ್ತಿ ಕೆಲಸ. ಪುಸ್ತಕ ನಮ್ಮಲ್ಲೇ ಬಿಟ್ಟು ಹೋದರು.

ಅಕ್ಷರ ತಿಳಿಯದು, ಚಿತ್ರ ನೋಡಿಯೇ ಕತೆ ಹಿಡಿಯಬೇಕು. ನಾನು ಎಡಗಡೆಯಿಂದ ತೆರೆದೆ. ಮೊದಲು ಉರಿದುಹೋದ ಊರು, ನೀರಿನಲ್ಲಿ ಜನ. ಹಾಳೆ ಮಗುಚಿದಂತೆ ಜನ ಹಡಗಿನ ಮೇಲೆ ಬರುತ್ತಾರೆ, ಕಟ್ಟು ಬಿಚ್ಚುತ್ತದೆ, ಕೊನೆಗೆ ಊರಿನಲ್ಲಿ ದೀಪ, ಊಟ. ಇವರು ಜನರನ್ನು ಕಾಪಾಡುವ ಕಳ್ಳರು, ಮುಖಕ್ಕೆ ನಗು ಇರಲಿ ಎಂದು ಎಲ್ಲರಿಗೂ ಹೇಳಿದೆ.

ಉಸ್ತಾದ್ ಪುಸ್ತಕ ತೆಗೆದುಕೊಂಡು ಬಲಗಡೆಯಿಂದ ತೆರೆದರು. ಬಹಳ ಹೊತ್ತು ನೋಡಿದರು.

"ಮೇಸ್ತ್ರಿ, ಇದು ನಮ್ ಉರ್ದು ಥರ. ಈ ಕಡೆಯಿಂದ ಓದ್ಬೇಕು. ಇವ್ರು ಜನಾನ ನೀರಿಂದ ಎತ್ತುತ್ತಾ ಇಲ್ಲ, ತಳ್ತಾವ್ರೆ. ಈ ಮುದುಕನ್ನ ನೋಡಿ. ನಿಮ್ ಥರ ಓದಿದ್ರೆ ಕಡಿದ ಕೈ ವಾಪಸ್ ಬೆಳೀತದೆ."

"ಮಾಯದ ಕತೆ ಅಲ್ವಾ, ಬೆಳೀತದೆ ಬುಡಿ," ಎಂದೆ. "ನಿಮ್ಗೆ ಎಲ್ಲಾನೂ ಉಲ್ಟಾನೇ ಕಾಣೋದು."

ಉಳಿದ ಏಳೂ ಲೇತಿನವರು ನಕ್ಕರು. ಅಂದಿನಿಂದ ಅವರು ಉಲ್ಟಾ ಉಸ್ತಾದ್. ಅವರ ಚಪ್ಪಲಿ ಅದಲುಬದಲು ಮಾಡಿಟ್ಟರು, ಅಂಗಿಯ ಒಳಮೈ ಹೊರಗೆ ಮಾಡಿ ಮೊಳೆಗೆ ನೇತುಹಾಕಿದರು. ಒಂದು ದಿನ ಬುತ್ತಿಯನ್ನೇ ಬೋರಲು ಹಾಕಿದರು. ಅನ್ನ ನೆಲದ ಮರದ ಪುಡಿಗೆ ಬಿತ್ತು. ಅವರು ಮೇಲಮೇಲಿನ ಅನ್ನವನ್ನಷ್ಟೇ ಬಾಚಿಕೊಂಡು ಉಂಡರು. ನಾನು ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ನಾನು ಕೇಳಿದ್ದು, "ಏನ್ ಉಸ್ತಾದ್, ಇವತ್ತು ಊಟಾನೂ ಉಲ್ಟಾನಾ?"

ಅವರು ಏಳು ಬೊಂಬೆಗಳನ್ನೂ ತಾವು ಓದಿದಂತೆಯೇ ಮಾಡಿದರು. ಕ್ಯಾಪ್ಟನ್ನನ ಮುಖ ನೋಡಿದರೆ ಹಿಂದೆ ಸರಿಯುವಂತಿತ್ತು. ಆ ಮುಖಗಳನ್ನೆಲ್ಲ ಉಜ್ಜಿಸಿ, ಬೇರೆಯವರಿಂದ ನಗು ಬರೆಸಿದೆ. ಉಸ್ತಾದ್ ಜಗಳಕ್ಕೆ ಬರಲಿಲ್ಲ. ಒಪ್ಪಿಸುವ ಮೊದಲು ಆ ಸಾಹೇಬರನ್ನೇ ಒಂದು ಮಾತು ಕೇಳಿ ಎಂದರು, ಅಷ್ಟೆ. ನಾನು ಕೇಳಲಿಲ್ಲ.

ಅಧಿಕಾರಿ ಬರಬೇಕಿದ್ದ ಬೆಳಿಗ್ಗೆ ಪುಸ್ತಕದ ಧೂಳು ಒರೆಸುತ್ತಿದ್ದೆ. ಹಾಳೆಯ ಮೂಲೆಯಲ್ಲಿ ಸಣ್ಣ ಅಂಕಿಗಳು ಕಂಡವು. ಒಂದು, ಎರಡು, ಮೂರು ಇದ್ದದ್ದು ಬಲಗಡೆ. ಅಂಕಿ ಹಿಡಿದುಕೊಂಡು ಪುಸ್ತಕವನ್ನೆಲ್ಲ ನೋಡಿದೆ. ದೀಪ ಹಚ್ಚಿ ಉಣ್ಣುತ್ತಿದ್ದ ಊರಿಗೆ ಈ ಏಳು ಜನ ಅತಿಥಿಗಳಾಗಿ ಬಂದು, ಉಂಡು, ಕಟ್ಟಿ, ಕಡಿದು, ಮುಳುಗಿಸಿ, ಬೆಂಕಿ ಇಟ್ಟು ಹೋಗಿದ್ದರು. ಮುದುಕನ ಕೈ ಬೆಳೆದಿರಲಿಲ್ಲ. ಆಗಲಾದರೂ ಮಾಲೀಕರಿಗೆ ಹೇಳಿ ಎರಡು ದಿನ ಕೇಳಬಹುದಿತ್ತು. ಕನ್ನಡ ಅಕ್ಷರ ಬಾರದವರು ಓದಿದ್ದೇ ಸರಿ, ನಾನು ಓದಿದ್ದು ತಪ್ಪು ಎಂದು ಆ ಏಳು ಕೆಲಸಗಾರರ ಮುಂದೆ ಒಪ್ಪಬೇಕಿತ್ತು. ಪುಸ್ತಕ ಮುಚ್ಚಿಟ್ಟೆ.

ಅಧಿಕಾರಿ ಕ್ಯಾಪ್ಟನ್ನನನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಇವರು ದುಷ್ಟರು, ಇವರಿಗೆ ನಗು ಯಾಕೆ ಎಂದು ಕೇಳುತ್ತಿದ್ದಾರೆ ಎಂದ ದುಭಾಷಿ. ಮಾಲೀಕರು ನನ್ನ ಕಡೆ ತಿರುಗಿದರು.

"ಉಸ್ತಾದ್ರು ಉಲ್ಟಾ ಓದ್ಬುಟ್ರು ಸಾರ್," ಎಂದೆ.

ನಿಜ ಗೊತ್ತಿದ್ದ ಏಳು ಕೆಲಸಗಾರರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಯಾರೋ ಅಭ್ಯಾಸಬಲದಿಂದ ಕಿಸಕ್ಕೆಂದ. ಉಸ್ತಾದ್ ನನ್ನನ್ನೇ ನೋಡಿದರು. ನಾನು ಮುಂದೆ ಏನಾದರೂ ಹೇಳುತ್ತೇನೆಂದು ಕಾದಂತಿತ್ತು. ಆಮೇಲೆ ಲೇತಿನ ಸ್ವಿಚ್ಚು ಆರಿಸಿದರು. ನಿಲ್ಲಬೇಕಾಗಿದ್ದ ಲೇತು ಯಾವುದೆಂದು ಮಾಲೀಕರು ಹೇಳುವ ಅಗತ್ಯವೇ ಬೀಳಲಿಲ್ಲ.

ಆಮೇಲೆ ಅವರು ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವ ಕೆಲಸಕ್ಕೆ ಸೇರಿದರು. ಆ ಇಳಿವಯಸ್ಸಿನಲ್ಲಿ ಕುದಿನೀರಿನ ಹಬೆಗೆ ಎದೆ ಕೊಟ್ಟು, ಎರಡು ವರ್ಷ ತುಂಬುವುದರೊಳಗೆ ತೀರಿಕೊಂಡರು.

ಹದಿನೈದು ದಿನ ಬಿಟ್ಟು ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಚಾಪೆ ಹಾಸಿ ಚಹಾ ಕೊಟ್ಟರು.

"ನಿಮ್ ಮೇಲೆ ಅವ್ರಿಗೆ ಕೋಪ ಇರ್ಲಿಲ್ಲ ಅಣ್ಣ," ಎಂದರು. "'ಮೇಸ್ತ್ರಿಗೆ ಆ ಥರ ಪುಸ್ತಕ ಗೊತ್ತಿಲ್ಲ, ಸಾಹೇಬ್ರು ಬಂದಾಗ ಹೆದರ್ಬುಟ್ರು. ಗೊತ್ತಿದ್ದೂ ಮಾಡೋ ಮನುಷ್ಯ ಅಲ್ಲ, ನಾನೇ ಕೆಲಸ ಕಲಿಸಿದ್ದು' ಅಂತಿದ್ರು." ಆಮೇಲೆ ಕೇಳಿದರು: "ಗೊತ್ತಿರ್ಲಿಲ್ಲ ಅಲ್ವಾ ಅಣ್ಣ?"

"ಇಲ್ಲ ಕಣಮ್ಮ, ಗೊತ್ತಿರ್ಲಿಲ್ಲ," ಎಂದೆ.

ಅವರು ಲೋಟಕ್ಕೆ ಇನ್ನೊಂದಿಷ್ಟು ಚಹಾ ಬಗ್ಗಿಸಿದರು. ಅದನ್ನೂ ಕುಡಿದು ಎದ್ದು ಬಂದೆ.